ಮಾರೋಕೋ, ಇರೋಕೋ

ದೇವನಹಳ್ಳಿ ಸುತ್ತಮುತ್ತ ಯಾವ ಹೊಲದಲ್ಲಿ ಲೇಔಟಿನ ಕಲ್ಲು ನೆಟ್ಟರೂ ಅಲ್ಲಿ ನಮ್ಮ ನಸ್ರುಲ್ಲಾ ಸಾಹೇಬರ ಸ್ಕೂಟರ್ ಬಂದು ನಿಂತಿರುತ್ತದೆ. ಅವರು ಸೈಟು ಕೊಳ್ಳುವುದು ನಾವು ಟೀ ಕುಡಿದಷ್ಟೇ ಸಲೀಸು. ಯಾಕೆ ಕೊಂಡಿರಿ ಎಂದು ಮಾತ್ರ ಕೇಳಬಾರದು. ಈಚೆಗೆ ರಂಜಾನೂ ವರ್ಷದ ಲೆಕ್ಕ ಮುಗಿಸುವ ಮಾರ್ಚ್ ತಿಂಗಳೂ ಒಟ್ಟಿಗೇ ಬರುವುದರಿಂದ ಇಬ್ಬರು ಅದನ್ನೇ ಕೇಳುತ್ತಾರೆ. "ಮಾರೋಕೆ ಅಂತ ತಗೊಂಡಿದ್ರೆ ವರ್ಷಾವರ್ಷ ಜಕಾತ್ ಅಂತ ಬಡವರ ಪಾಲು ತೆಗೀಬೇಕು, ಮನೆ ಕಟ್ಕೊಂಡು ಇರೋಕಾದ್ರೆ ಬೇಡ," ಎನ್ನುತ್ತಾರೆ ಮೌಲಾನಾ. "ಮಾರೋ ವ್ಯಾಪಾರ ಅಂದ್ರೆ ಲಾಭಕ್ಕೆ ಟ್ಯಾಕ್ಸ್ ಜಾಸ್ತಿ, ಇಟ್ಕೊಳ್ಳೋಕೆ ಅಂದ್ರೆ ಕಮ್ಮಿ," ಎನ್ನುತ್ತಾರೆ ಆಡಿಟರ್ ಕಾಂತರಾಜು. ಇಬ್ಬರಿಗೂ ಇರೋಕೆ ಎಂದುಬಿಟ್ಟರೆ ಎರಡು ಕಡೆಯೂ ಉಳಿತಾಯ. ಆದರೆ ಮೌಲಾನಾ ಮುಂದೆ ಸಾಹೇಬರಿಗೆ ಸುಳ್ಳು ಬಾಯಿಗೆ ಬರುವುದಿಲ್ಲ. "ಮಾರೋಕೇ" ಎಂದು ಒಪ್ಪಿಕೊಂಡು ಬೀದಿಯ ಬಡವರಿಗೆಲ್ಲ ಕೈತುಂಬ ಹಂಚಿಬಿಡುತ್ತಾರೆ. ಮಾರನೆಯ ದಿನ ಆಡಿಟರ್ ಹತ್ತಿರ "ಇಟ್ಕೊಳ್ಳೋಕೆ" ಎಂದು ಹೇಳಿ, ಹಂಚಿದ್ದಕ್ಕೂ ರಿಯಾಯಿತಿ ಕೇಳುತ್ತಾರೆ. "ರಸೀದಿ ಎಲ್ಲಿ ಸಾಹೇಬ್ರೇ? ಇಟ್ಕೊಳ್ಳೋ ಸೈಟಿಗೆ ಜಕಾತ್ ಯಾಕೆ ಕೊಟ್ರಿ?" ಎಂದು ಆಡಿಟರ್ ತಲೆ ಚಚ್ಚಿಕೊಂಡರೆ, "ಏನಪ್ಪಾ, ನಾನ್ ಯಾಕ್ ತಗೊಂಡೆ, ನೀನೇ ಹೇಳು," ಎಂದು ಸಾಹೇಬರು ಬಂದು ನನ್ನನ್ನು ಹಿಡಿದುಕೊಳ್ಳುತ್ತಾರೆ. ನನಗೇನು ಗೊತ್ತು? ಮೊನ್ನೆ ಅವರ ಬಾಡಿಗೆ ಮನೆಯಲ್ಲಿ ಇಫ್ತಾರಿಗೆ ಕುಳಿತಿದ್ದೆವು. ಗಂಜಿ ಬಡಿಸುತ್ತಿದ್ದ ಅವರ ಹೆಂಡತಿ ಮಹಜಬೀನ್ ಬೇಗಂ, "ಅಷ್ಟೊಂದ್ ಸೈಟಲ್ಲಿ ನಾವಿರೋಕೆ ಅಂತ ತಗೊಂಡಿದ್ದು ಯಾವ್ದು?" ಎಂದು ಮೆಲ್ಲಗೆ ಕೇಳಿದರು. ಆಜಾನ್ ಆಗಿ, ನಾವೆಲ್ಲ ಉಪವಾಸ ಬಿಟ್ಟು ಗಂಜಿ ಮುಗಿಸಿದರೂ ಸಾಹೇಬರ ಖರ್ಜೂರ ಕೈಯಲ್ಲೇ ಇತ್ತು.