ಕಂಪ್ಯೂಟರ್ ಸುದ್ದಿಯನ್ನು ಮನೆಮಾತಿಗೆ ಇಳಿಸುವ ನೋಟಿಸ್ ಅಕ್ಕ

ಬೆಳಗಿನ ಐದೂವರೆ. ಬೀದಿದೀಪಗಳು ಇನ್ನೂ ಆರಿಲ್ಲ. ಮೂರನೇ ಮಹಡಿಯ ಕಚೇರಿಯಲ್ಲಿ ಒಂದೇ ಮೇಜಿನ ಮೇಲೆ ಬೆಳಕಿದೆ. ಅಲ್ಲಿ ಕುಳಿತ ಹೆಂಗಸು ಕಿವಿಗೆ ಫೋನ್ ಒತ್ತಿಕೊಂಡು, ತಾವು ಬರೆದ ಪ್ರಕಟಣೆಯನ್ನು ನಿಧಾನವಾಗಿ ಓದಿ ಹೇಳುತ್ತಿದ್ದಾರೆ. ಆ ಕಡೆ ಕೇಳುತ್ತಿರುವವರು ಅವರ ಅತ್ತೆ. ವಯಸ್ಸು ಎಪ್ಪತ್ತನಾಲ್ಕು.

"ಸರ್ವರ್ ಬದಲಾವಣೆ ಅಂದ್ರೆ ನನಗೇನು ಗೊತ್ತಾಗುತ್ತೆ? ನನ್ನ ಮಾತ್ರೆ ಬರುತ್ತೋ ಇಲ್ವೋ, ಅದನ್ನ ಮೊದಲು ಹೇಳೇ" ಎನ್ನುತ್ತಾರೆ ಅತ್ತೆ. ಸೊಸೆ ಕೊನೆಯ ಸಾಲನ್ನು ಎತ್ತಿ ಮೊದಲಿಗೆ ಹಾಕುತ್ತಾರೆ.

ಇದು ತಿಂಗಳ ಔಷಧಿಯನ್ನು ಮನೆಬಾಗಿಲಿಗೆ ತಲುಪಿಸುವ ಕಂಪನಿ. ಗ್ರಾಹಕರು ಅರವತ್ತೆರಡು ಸಾವಿರ. ಇಲ್ಲಿನ ಕಂಪ್ಯೂಟರ್‌ಗಳು ಯಾವಾಗ ನಿಲ್ಲುತ್ತವೆ, ಏನು ಬದಲಾಯಿತು, ಯಾರ ವಿವರ ಎಲ್ಲಿ ಭದ್ರವಾಗಿದೆ ಎಂಬುದನ್ನು ಗ್ರಾಹಕರಿಗೂ ಷೇರುದಾರರಿಗೂ ಬರೆದು ತಿಳಿಸುವುದು ಇವರ ಕೆಲಸ. ತಿಂಗಳಿಗೆ ನಲವತ್ತು ಪ್ರಕಟಣೆ, ವಾರ್ಷಿಕ ವರದಿಯಲ್ಲಿ ಹನ್ನೆರಡು ಪುಟ. ಎಲ್ಲಿಯೂ ಅವರ ಹೆಸರಿರುವುದಿಲ್ಲ. ಕಚೇರಿಗೆಲ್ಲ ಅವರು 'ನೋಟಿಸ್ ಅಕ್ಕ'.

ಮೊದಲ ಎಂಟು ವರ್ಷ ಇದೇ ಕಂಪನಿಯಲ್ಲಿ ದೂರಿನ ಫೋನ್ ಎತ್ತುತ್ತಿದ್ದರು. ಮಗಳನ್ನು ಅತ್ತೆಯ ಮಡಿಲಿಗೆ ಹಾಕಿ ಬಂದು, ದಿನವಿಡೀ ಬೈಗುಳ ತಿನ್ನುವ ಕೆಲಸ. ಒಂದೊಂದು ಪ್ರಕಟಣೆ ಹೊರಬಿದ್ದಾಗಲೂ ಅರ್ಥವಾಗದೆ ಒಂಬೈನೂರು ಜನ ಫೋನ್ ಮಾಡುತ್ತಿದ್ದರು. ಬೇಸತ್ತು ಒಂದು ಸಲ ತಾವೇ ಬರೆದುಕೊಟ್ಟರು. ಅಂದು ಬಂದದ್ದು ಅರವತ್ತೇ ಕರೆ. ಅಲ್ಲಿಂದ ಮೇಜು ಬದಲಾಯಿತು. ತಮ್ಮ ಮೂರು ತಿಂಗಳ ದುಡಿಮೆಯನ್ನು ಅಕ್ಕ ಮೂರು ಸಾಲಿನಲ್ಲಿ ಮುಗಿಸಿಬಿಡುತ್ತಾರೆ ಎಂದು ಎಂಜಿನಿಯರುಗಳು ಈಗಲೂ ಗೊಣಗುತ್ತಾರೆ.

ಆಗ ಕಂಪನಿಯಲ್ಲೊಂದು ರೂಢಿಯಿತ್ತು. 'ಕೆಲಸ ಮುಗಿಯಿತು' ಎಂಬ ಪ್ರಕಟಣೆಯನ್ನು ಕೆಲಸ ಶುರುವಾಗುವ ಮೊದಲೇ ಬರೆದು, ಬೆಳಿಗ್ಗೆ ಆರಕ್ಕೆ ತಾನಾಗಿಯೇ ಹೋಗುವಂತೆ ಇಟ್ಟುಬಿಡುವುದು. ಕಳೆದ ವರ್ಷ ಗ್ರಾಹಕರ ವಿವರಗಳನ್ನೆಲ್ಲ ಹೊಸ ಕಂಪ್ಯೂಟರಿಗೆ ಸಾಗಿಸಿದ ದಿನವೂ ಹಾಗೇ ಆಯಿತು. ಎಲ್ಲವೂ ಸುರಕ್ಷಿತ, ನೀವೇನೂ ಮಾಡಬೇಕಿಲ್ಲ ಎಂಬ ಸಂದೇಶ ಅಷ್ಟೂ ಗ್ರಾಹಕರ ಫೋನುಗಳಿಗೆ ಹೋಯಿತು. ಆರೂ ಹತ್ತಕ್ಕೆ ಎಂಜಿನಿಯರ್ ಮುಖ ಇಳಿಸಿಕೊಂಡು ಬಂದ. ಇನ್ನೂರ ಹದಿನಾಲ್ಕು ಜನರ ಔಷಧಿಪಟ್ಟಿ ಹೊಸ ಕಂಪ್ಯೂಟರಿಗೆ ಬಂದೇ ಇರಲಿಲ್ಲ. ಅವರಲ್ಲಿ ಸಕ್ಕರೆ ಕಾಯಿಲೆಯವರಿದ್ದರು, ಹೃದ್ರೋಗಿಗಳಿದ್ದರು.

ಹತ್ತು ಗಂಟೆಗೆ ಷೇರುದಾರರ ಸಭೆ. ಹೊಸ ಕಂಪ್ಯೂಟರಿನ ಹೆಗ್ಗಳಿಕೆ ಅಲ್ಲೇ ಹೇಳಬೇಕಿತ್ತು. ಸಭೆ ಮುಗಿಯುವವರೆಗೆ ಸುಮ್ಮನಿರಿ ಮೇಡಂ ಎಂದರು ಫೋನಿನಲ್ಲಿ ಕಂಪನಿಯ ಮುಖ್ಯಸ್ಥರು.

"ಸರ್, ನಾನು ಬರೆದದ್ದು ಸುಳ್ಳಾಗಿದೆ. ಅದನ್ನ ನಂಬಿ ಯಾರಾದ್ರೂ ಮಾತ್ರೆ ಇಲ್ದೆ ಕೂತ್ರೆ? ತಪ್ಪಾಗಿದೆ ಅಂತ ಬರೆದು ಕಳಿಸ್ತಿದ್ದೀನಿ."

ಆ ಕಡೆಯಿಂದ ಫೋನ್ ಕಟ್ಟಾಯಿತು. "ಕೆಲಸ ಹೋಯ್ತು ಅಂತಲೇ ಅಂದ್ಕೊಂಡೆ. ಮಗಳ ಶಾಲೆ, ಮನೆ ಬಾಡಿಗೆ ಎಲ್ಲ ಕಣ್ಮುಂದೆ ಬಂತು. ಆದ್ರೂ ಕಳಿಸೋ ಗುಂಡಿ ಒತ್ತಿಬಿಟ್ಟೆ" ಎಂದು ನೆನೆಯುತ್ತಾರೆ.

ಆಮೇಲೆ ಕಚೇರಿಗೆ ಕಚೇರಿಯೇ ಫೋನ್ ಹಿಡಿದು ಕೂತಿತು. ಹಳೆಯ ಪಟ್ಟಿ ನೋಡಿ ಒಬ್ಬೊಬ್ಬರಿಗೂ ಕರೆ, ಹಿಂದೆಯೇ ಔಷಧಿ. ಮಧ್ಯಾಹ್ನ ಮೂರಕ್ಕೆ ಇನ್ನೂರ ಹದಿಮೂರು ಜನ ಸಿಕ್ಕರು. ಉಳಿದ ಒಬ್ಬ ಮುದುಕರು ಫೋನ್ ಎತ್ತಲೊಲ್ಲರು. ಔಷಧಿ ತಲುಪಿಸುವವನು ಎದ್ದೆನೋ ಬಿದ್ದೆನೋ ಎಂದು ಓಡಿದರೆ, ಅವರು ಏಣಿ ಹತ್ತಿ ಗೋಡೆಗೆ ಬಣ್ಣ ಬಳಿಯುತ್ತಿದ್ದರು. ಎರಡು ದಿನದ ಮಾತ್ರೆ ಇನ್ನೂ ಮನೆಯಲ್ಲಿದೆ, ಬಂದವನು ಬಂದೆ, ಏಣಿ ಸ್ವಲ್ಪ ಹಿಡಿದುಕೋ ಎಂದರಂತೆ. ಸುದ್ದಿ ಕೇಳಿ ಅಕ್ಕ ಮೆಟ್ಟಿಲ ಮೇಲೆ ಕೂತು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು.

ಸಭೆ ಮುಗಿಸಿ ಬಂದ ಮುಖ್ಯಸ್ಥರು ನೇರ ಅವರ ಮೇಜಿನ ಬಳಿ ನಿಂತರು. ಅಕ್ಕನ ತಿದ್ದುಪಡಿಯನ್ನೇ ಅಲ್ಲಿ ಮೊದಲು ಓದಿದ್ದರಂತೆ. "ಹನ್ನೊಂದು ವರ್ಷದಿಂದ ಬರ್ತಿದ್ದೀನಿ, ನಿಮ್ಮ ಕಂಪ್ಯೂಟರ್ ವಿಷಯ ಇವತ್ತೇ ಕಣ್ರೀ ನನಗೆ ಅರ್ಥ ಆಗಿದ್ದು" ಎಂದರಂತೆ ಒಬ್ಬ ಹಿರಿಯ ಷೇರುದಾರರು. ಅಕ್ಕನ ಉಸಿರು ಸಲೀಸಾದದ್ದು ಆಗಲೇ.

ಈಗ ಆ ರೂಢಿ ಇಲ್ಲ. ಎಂಜಿನಿಯರ್ ಎದುರು ಬಂದು ನಿಂತು ಮುಗಿಯಿತೆಂದು ಹೇಳಿದ ಮೇಲೆಯೇ ಅಕ್ಕ ಬರೆಯುವುದು. ಅದಕ್ಕೇ ಈ ಬೆಳಗಿನ ಕಾವಲು.

ಈ ಸಲದ ವಾರ್ಷಿಕ ವರದಿ ಅಚ್ಚಾಗಿ ಬಂದಿದೆ. ಬರೆದವರ ಹೆಸರು ಹಾಕೋಣವೇ ಎಂದು ಮುಖ್ಯಸ್ಥರೇ ಕೇಳಿದ್ದರು. ಅಕ್ಕ ಪುಟ ತಿರುವಿ ಬೆರಳಿಟ್ಟು ತೋರಿಸುತ್ತಾರೆ.

"ಹೆಸರು ಬೇಡ ಸರ್, ಆ ಇನ್ನೂರ ಹದಿನಾಲ್ಕು ಜನರ ವಿಷಯ ಮಾತ್ರ ತೆಗೀಬೇಡಿ ಅಂದೆ. ತೆಗೆದಿಲ್ಲ ನೋಡಿ."