‘ಗೊತ್ತಿಲ್ಲ’ದ ಹಾಳಿನ ಕಾವಲುಗಾತಿ

ದೋನ್ಯಾ ನಿಕನೋರಾಗೆ ಹಾಳುಗಳ ಬಗ್ಗೆ ತಕರಾರಿರಲಿಲ್ಲ. ತಕರಾರಿದ್ದದ್ದು ಹಾಳು ನೋಡಲು ಬರುವ ಹಾಳಾದವರ ಬಗ್ಗೆ. ಮಾಯಾ ಜನರ ಸೀಮೆಯಾದ ಕಾಂಪೆಚೆಯ ಕುರುಚಲು ಕಾಡಿನಲ್ಲಿ ಮೂರು ದಿಬ್ಬ, ಒಂದೂವರೆ ಗೋಪುರ, ಲೆಕ್ಕವಿಲ್ಲದಷ್ಟು ಓತಿಕ್ಯಾತ. ಇಪ್ಪತ್ತೆರಡು ವರ್ಷದಿಂದ ಇವುಗಳ ಕಾವಲು ಅವಳದೇ. ಅಪರೂಪಕ್ಕೊಂದು ವ್ಯಾನು ಬರುತ್ತಿತ್ತು. ಇಳಿದವರಲ್ಲಿ ಕೆಲವರು ಗೋಪುರದ ಮುಂದೆ ಚಪ್ಪಾಳೆ ತಟ್ಟಿ ಪ್ರತಿಧ್ವನಿಗೆ ಬಾಯಿ ಬಿಡುವರು. ಕೆಲವರು ಬಿಳಿ ಬಟ್ಟೆ ತೊಟ್ಟು, ಕಲ್ಲು ತಬ್ಬಿ ‘ಶಕ್ತಿ’ ಹೀರುವರು. ಆ ಕಲ್ಲಿನ ಮೇಲೆ ಬಾವಲಿಗಳು ರಾತ್ರಿಯಿಡೀ ಯಾವ ಶಕ್ತಿ ಸುರಿಸಿರುತ್ತವೆಂದು ಅವಳು ಹೇಳುತ್ತಿರಲಿಲ್ಲ. ಹೀರಿಕೊಳ್ಳಲಿ ಬಿಡು ಎಂದು ಸುಮ್ಮನಿರುತ್ತಿದ್ದಳು.

ಫಲಕದ ಪ್ರಕಾರ ಜಾಗದ ಹೆಸರು ಮಾಯಿನ್‌ವೋಹೆಲ್. ಹಿಂದೊಮ್ಮೆ ಅವಳ ತಾತ ಜೋಳದ ಹೊಲದಲ್ಲಿದ್ದಾಗ, ಹೇಸರಗತ್ತೆ ಏರಿ ಬಂದ ಗಡ್ಡದ ಪಂಡಿತನೊಬ್ಬ “ಇದರ ಹೆಸರೇನು?” ಎಂದು ಕೇಳಿದ್ದ. ತಾತ ಮಾಯಾ ಭಾಷೆಯಲ್ಲಿ “ಮಾ ಇನ್ ವೋಹೆಲ್” ಎಂದ. ನನಗೆ ಗೊತ್ತಿಲ್ಲ, ಅಂತ. ಪಂಡಿತ ಭಕ್ತಿಯಿಂದ ಬರೆದುಕೊಂಡ. ನಕಾಶೆ ಅಚ್ಚಾಯಿತು, ತಾತನ ಅಜ್ಞಾನ ಅಧಿಕೃತವಾಯಿತು.

ಈಗ ಪುರಾತತ್ವ ಇಲಾಖೆಗೆ ಹೊಸ ಹುಚ್ಚು ಹಿಡಿದಿತ್ತು: ವಿವರಣೆ ಕೊಡಬಲ್ಲ ಕಾವಲಿನವರು ಮಾತ್ರ ಉಳಿಯಬೇಕು, ಉಳಿದವರನ್ನು ಕಡಲತೀರದ ದೊಡ್ಡ ಹಾಳಿಗೆ, ಅಲ್ಲಿನ ಶೌಚಾಲಯದ ಬಾಗಿಲಿಗೆ ಹಾಕಬೇಕು. ನಿಕನೋರಾಗೆ ದಿಗಿಲಾದದ್ದು ತನ್ನ ಜೇನಿಗಾಗಿ. ದಿಬ್ಬದ ಹಿಂದೆ, ಟೊಳ್ಳು ಕೊರಡುಗಳಲ್ಲಿ, ಅವಳ ಅಮ್ಮ ಬಿಟ್ಟುಹೋದ ಕೊಂಡಿಯಿಲ್ಲದ ಜೇನು. ಒಡತಿ ಊರು ಬಿಟ್ಟರೆ ಅವೂ ಗೂಡು ಬಿಡುತ್ತವೆ. ಇದರಲ್ಲಿ ಅಲ್ಲಿ ಯಾರಿಗೂ ಅನುಮಾನವಿಲ್ಲ.

ಪರೀಕ್ಷಿಸಲು ಬಂದವನು ಲಿಸೆನ್ಸಿಯಾದೊ ಪಾಲೊಮೆಕೆ. ಕಾಲೇಜು ಮುಗಿಸಿದವರಿಗೆಲ್ಲ ಅಲ್ಲಿ ಅಂಟುವ ಬಿರುದದು. ತಿಳಿಯದ್ದನ್ನು ಮಾತಾಡಲು ಲೈಸೆನ್ಸು. ಕೈಯಲ್ಲಿ ಇಲಾಖೆಯ ಪ್ರಶ್ನೋತ್ತರದ ಹಾಳೆ, ಜೊತೆಗೆ ಒಂದು ವ್ಯಾನು ಪ್ರವಾಸಿಗರು, ಮತ್ತು ಅವಳದೇ ಊರಿನ ಗೈಡ್ ರಿಗೋ.

“ಚೀಚ್,” ಎಂದು ರಿಗೋ ಪಿಸುಗುಟ್ಟಿದ. ಅಜ್ಜಿ, ಎಂದು. “ಹಾಳೇಲಿ ಇದ್ದಂಗೆ ಹೇಳ್ಬಿಡಿ. ‘ಮಳೆಚಿರತೆಯ ಅರಮನೆ’. ಮುಗೀತು.”

“ಛೀ! ಅದನ್ನ ಕಟ್ಟಿದ್ದು ನೀನೇ ಅಲ್ವೇನೋ, ಹೋದ ವರ್ಷ, ಬಿಯರ್ ಕುಡ್ಕೊಂಡು?”

“ಕಟ್ಟಿದ್ದು ನಾನು. ಅಚ್ಚು ಹಾಕ್ಸಿದ್ದು ಇಲಾಖೆ. ಈಗದು ಇತಿಹಾಸ.”

ಪಾಲೊಮೆಕೆ ಗಂಟಲು ಸರಿಮಾಡಿಕೊಂಡ. “ದೋನ್ಯಾ,” ಎಂದ. ಅಮ್ಮಾವರೇ, ಎಂದು. “ಈ ಸ್ಥಳದ ಹೆಸರಿನ ಅರ್ಥ?”

“ಗೊತ್ತಿಲ್ಲ.”

“ಇಪ್ಪತ್ತೆರಡು ವರ್ಷ ಇಲ್ಲಿದ್ದೂ ಗೊತ್ತಿಲ್ವಾ?”

“ನಂಗೆ ಗೊತ್ತು ಸಾಹೇಬ್ರೇ. ಗೊತ್ತಿಲ್ಲ ಅಂತ.”

“ಗೊತ್ತಿಲ್ಲ ಅನ್ನೋದು ಗೊತ್ತು. ಅರ್ಥ ಹೇಳಿ ಅಂದ್ರೆ!”

“ಅಯ್ಯೋ, ಅರ್ಥಾನೇ ಗೊತ್ತಿಲ್ಲ ಅಂತ!”

ಅವನು ಹಾಳೆಯ ಮೇಲೆ ತಪ್ಪುಗುರುತು ಹಾಕಿದ. “ಹೋಗ್ಲಿ. ಇದನ್ನ ಕಟ್ಟಿದ ಮಾಯಾ ಜನ ಏನಾದ್ರು?”

ಹಾಳೆಯಲ್ಲಿದ್ದ ಸರಿಯುತ್ತರ: ಮಾಯಾ ಜನ ನಿಗೂಢವಾಗಿ ಮಾಯವಾದರು.

“ಏನಾಗ್ತಾರೆ? ಒಬ್ಳು ನಿಮ್ಮ ಮುಂದೆ ನಿಂತಿದಾಳೆ. ಇನ್ನೊಬ್ಬ ನಿಮ್ಮ ಪಕ್ಕದಲ್ಲಿ ನಿಂತು ಸುಳ್ಳು ಹೇಳ್ತಿದಾನೆ.”

ಇನ್ನೊಂದು ತಪ್ಪು. ಪಾಲೊಮೆಕೆ ಪೆನ್ನು ಮುಚ್ಚಿದ. “ಕೊನೇ ಸಲ ಕೇಳ್ತೀನಿ. ಈ ಹಾಳೇಲಿ ಇರೋದನ್ನ ಹೇಳ್ತೀರೋ, ಗಂಟುಮೂಟೆ ಕಟ್ತೀರೋ?”

ನಿಕನೋರಾ ದಿಬ್ಬದ ಕಡೆ ನೋಡಿದಳು. ಹಾಳೆಯತ್ತ ನೋಡಿದಳು. ಇಂಥ ಸುಳ್ಳನ್ನು ಬಾಯಲ್ಲಿಟ್ಟುಕೊಂಡು ಹೋಗಿ ಜೇನಿನ ಮುಂದೆ ಕೂರುವುದು ಹೇಗೆ?

“ಹೇಳ್ತೀನಿ,” ಎಂದಳು. “ಆದ್ರೆ ಮಾಯಾ ಭಾಷೇಲಿ. ನನ್ನ ಸ್ಪ್ಯಾನಿಷ್ ಒರಟು.”

“ಮೂಲ ಭಾಷೇಲಿ!” ಪಾಲೊಮೆಕೆಯ ಮುಖ ಅರಳಿತು. “ಅದ್ಭುತ!”

ಅಲ್ಲಿ ಆ ಭಾಷೆ ಬಲ್ಲವನು ರಿಗೋ ಒಬ್ಬನೇ. ಅವನು ಆಗಲೇ ಬೆವರತೊಡಗಿದ್ದ.

ಅವಳು ಪಾಲೊಮೆಕೆಯ ಕೈಯಿಂದ ಹಾಳೆ ತೆಗೆದುಕೊಂಡು ಎದೆಯ ಮಟ್ಟಕ್ಕೆ ಹಿಡಿದು, ಪೂಜಾರಿಯ ಗಾಂಭೀರ್ಯದಲ್ಲಿ ಶುರುಮಾಡಿದಳು: “ಕೇಳ್ರಪ್ಪಾ, ಬಿಸಿಲಲ್ಲಿ ಬೆಂದ ಹಂದಿಗಳಾ. ನಮ್ತಾತ ಒಬ್ಬ ದಡ್ಡನಿಗೆ ನಿಜ ಹೇಳ್ದ. ಆ ದಡ್ಡನ ವಂಶ ಇವತ್ತು ವ್ಯಾನ್ ಮಾಡ್ಕೊಂಡು ಬಂದದೆ. ಈ ಸಾಹೇಬನ ತಲೆ ಒಣ ಸೋರೆಬುರುಡೆ. ಅಲ್ಲಾಡ್ಸಿದ್ರೆ ಒಳಗೆ ಬೀಜಾನೂ ಸದ್ದು ಮಾಡಲ್ಲ. ನಿಮ್ಮ ಹೊಟ್ಟೆಗೆ ನಮ್ಮ ಮೆಣಸಿನಕಾಯಿ ಬೀಳ್ಲಿ, ದಾರೀಲಿ ಒಂದು ಪೊದೆಯೂ ಸಿಗದೆ ಹೋಗ್ಲಿ.”

ಬಿಳಿ ಬಟ್ಟೆಯ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು. “ಏನಂದ್ರು?”

“ದಾರಿ... ದಾರಿ ಸುಖವಾಗಲಿ ಅಂತ ಹರಸಿದ್ರು,” ಎಂದ ರಿಗೋ, ಕೆಮ್ಮಿನ ನಡುವೆ.

ಎಲ್ಲರೂ ಕೈಮುಗಿದರು. ಪಾಲೊಮೆಕೆ ಹಾಳೆ ಮರಳಿ ಪಡೆದು, ಹಳೆಯ ತಪ್ಪುಗುರುತುಗಳನ್ನು ಗೀಚಿಹಾಕಿ, ಕೆಳಗೆ ‘ಅತ್ಯಂತ ಅರ್ಹಳು’ ಎಂದು ಬರೆದ. ನಿಕನೋರಾ ಅಲ್ಲೇ ಉಳಿದಳು. ಅವಳ ‘ಆಶೀರ್ವಾದ’ದ ಖ್ಯಾತಿ ಹಬ್ಬಿ, ಈಗ ವಾರಕ್ಕೆ ಮೂರು ವ್ಯಾನು ಬರುತ್ತವೆ. ಅವಳಿಗೆ ಚಿಂತೆಯಿಲ್ಲ. ಮಾಯಾ ಭಾಷೆಯಲ್ಲಿ ಬೈಗುಳಕ್ಕೆ ಬರವಿಲ್ಲ.