ನನ್ನ ಬಾಯಿಯ ‘ಸರಿ’

‘ಜೀವಮಾನದ ಮಿತಿ’ ಎಂಬ ಮಾತು ನನಗೆ ಮೊದಲ ದಿನದಿಂದಲೂ ಆಗಿಬರಲಿಲ್ಲ. ಮಕ್ಕಳಿರುವ ಬಡ ಕುಟುಂಬಗಳಿಗೆ ಸರ್ಕಾರ ತಿಂಗಳು ತಿಂಗಳು ಫೋನಿಗೇ ಹಣ ಹಾಕುತ್ತದೆ. ಆದರೆ ಒಂದು ಕುಟುಂಬಕ್ಕೆ ಇಡೀ ಜೀವಮಾನದಲ್ಲಿ ಇಷ್ಟೇ ತಿಂಗಳು. ಆಮೇಲೆ ಮಕ್ಕಳು ಉಪವಾಸವಿದ್ದರೂ ಇಲ್ಲ. ಆ ಯೋಜನೆಗೆ ನೆರವಾಗುವ ಸಂಸ್ಥೆಯೊಂದರಲ್ಲಿ, ನೈರೋಬಿಯ ನಡುಪೇಟೆ ಸಿಬಿಡಿಯಲ್ಲಿ, ನನ್ನ ಕೆಲಸ. ಮಿತಿ ಮುಗಿದವರ ತಕರಾರು ಕೇಳಿ ಮೇಲ್ಮನವಿ ಬರೆದುಕೊಳ್ಳಬೇಕು. ಮೈಸೂರಿನ ನನ್ನ ಅಜ್ಜಿ ‘ಜೀವಮಾನಕ್ಕೊಮ್ಮೆ’ ಎನ್ನುತ್ತಿದ್ದುದು ಕಾಶಿಯಾತ್ರೆಗೆ. ನಾನು ಇಲ್ಲಿ ಅದನ್ನು ಹಾಲು, ಹಿಟ್ಟಿಗೆ ಹೇಳಬೇಕು.

ಆ ಶುಕ್ರವಾರ ಮಧ್ಯಾಹ್ನ ಊರಂಚಿನ ಎಂಬಕಸಿ ಬಡಾವಣೆಯಿಂದ ಒಬ್ಬ ತಾಯಿ ಬಂದರು. ಅವರ ಮೇಲ್ಮನವಿಗೆ ಅಂದೇ ಕಡೆಯ ದಿನ, ಸಂಜೆ ಐದರವರೆಗೆ. ಬಿಟ್ಟುಹೋದ ಗಂಡನ ಫೋನಿಗೆ ಆರು ತಿಂಗಳ ಹಣ ಬಿದ್ದಿತ್ತು, ಆ ಆರೂ ಇವರ ಮಿತಿಯಲ್ಲಿ ಕಳೆದುಹೋಗಿದ್ದವು. ಆ ತಿಂಗಳುಗಳನ್ನು ಇವರ ಲೆಕ್ಕಕ್ಕೆ ವಾಪಸು ಕೊಟ್ಟರೆ ಮೂರು ಮಕ್ಕಳ ಊಟಕ್ಕೆ ಇನ್ನಾರು ತಿಂಗಳು ದಾರಿ. ನಿಯಮದಲ್ಲಿ ಅದಕ್ಕೆ ಅವಕಾಶವಿತ್ತು, ನನಗೆ ಒಳಗೊಳಗೇ ಖುಷಿಯಾಯಿತು. ಅವರು ಹೇಳುತ್ತಾ ಹೋದರು, ನಾನು ತಲೆಯಾಡಿಸಿಕೊಂಡು, “ಸರಿ... ಸರಿ...” ಎನ್ನುತ್ತಾ ಟೈಪ್ ಮಾಡುತ್ತಾ ಹೋದೆ. ಹೂಂಗುಟ್ಟದೆ ಮಾತು ಕೇಳಲು ನಮಗೆಲ್ಲಿ ಬರುತ್ತದೆ!

ಅವರ ಸಹಿಗೆಂದು ಪ್ರಿಂಟ್ ತರಲು ಹೋಗಿ ಬರುವಷ್ಟರಲ್ಲಿ ಕುರ್ಚಿ ಖಾಲಿಯಾಗಿತ್ತು.

ಪಕ್ಕದ ಮೇಜಿನ ಸಹೋದ್ಯೋಗಿ, ಇದೇ ಊರಿನವಳು, ನನ್ನನ್ನೇ ನೋಡುತ್ತಿದ್ದಳು. “ಮೇಡಂ, ಅವರು ಏನು ಹೇಳಿದ್ರೂ ‘ಸಾರಿ, ಸಾರಿ’ ಅಂದ್ರಿ. ತಲೇನೂ ಅಡ್ಡಡ್ಡ ಆಡಿಸಿದ್ರಿ. ಆಗಲ್ಲ ಅಂತ ತಿಳ್ಕೊಂಡು ಎದ್ದು ಹೋದ್ರು. ಪಾಪ, ನಿಮ್ಮ ಖಾಲಿ ಕುರ್ಚಿಗೇ ‘ಅಸಾಂಟೆ’, ಥ್ಯಾಂಕ್ಸ್ ಅಂತ ಹೇಳಿ ಹೋದ್ರು.”

ಕನ್ನಡದಲ್ಲಿ ಬರೆದರೆ ಒಂದು ದೀರ್ಘದ ವ್ಯತ್ಯಾಸ. ನನ್ನ ಮೇಲೆ ನನಗೇ ಕೆಟ್ಟ ಕೋಪ ಬಂತು. ಫೋನ್ ಮಾಡಿದೆ, ಮಾಡಿದೆ, ಸ್ವಿಚ್ ಆಫ್. ಅರ್ಜಿ ಹಿಡಿದು ಮಟಾಟು ವ್ಯಾನ್ ಹತ್ತಿದರೆ ಸೀಟು ತುಂಬುವವರೆಗೂ ಅದು ಕದಲಲಿಲ್ಲ. ಕೂತಲ್ಲಿ ಕೂರಲಾಗದೆ ಗಡಿಯಾರ ನೋಡಿದೆ, ಕಿಟಕಿ ತೆಗೆದೆ, ಮುಚ್ಚಿದೆ, ಕಂಡಕ್ಟರನ ಮೇಲೆ ಎರಡು ಸಲ ರೇಗಿದೆ. ಅವನ ತಪ್ಪೇನೂ ಇರಲಿಲ್ಲ. ಎಂಬಕಸಿಯಲ್ಲಿ ಇಳಿದ ಮೇಲೂ ವಿಳಾಸ ಸಿಗದೆ ಮೂರು ಬೀದಿ ಅಲೆದೆ.

ಕೊನೆಗೆ ಸಿಕ್ಕ ವಠಾರದ ಅಂಗಳದಲ್ಲಿ ಅವರು ಯಾರದೋ ಮನೆಯ ಬಟ್ಟೆ ಒಗೆಯುತ್ತಿದ್ದರು. ನನ್ನ ಹರಕು ಸ್ವಾಹಿಲಿಯಲ್ಲಿ ಒಂದೇ ಉಸಿರಿಗೆ ಹೇಳಿದೆ: “ಮಮಾ, ನಾನಂದಿದ್ದು ಸಾರಿ ಅಲ್ಲ. ನಮ್ಮ ಭಾಷೇಲಿ ಸರಿ ಅಂದ್ರೆ ನಿಮ್ಮ ಸವಾ. ಹೇಳಿ, ಕೇಳ್ತಿದೀನಿ ಅಂತ. ತಪ್ಪು ನಂದು.”

ಅವರು ಕೈ ಒರೆಸಿಕೊಂಡು ಸಹಿ ಹಾಕಿದರು. ಅಲ್ಲಿಂದಲೇ ಫೋಟೊ ತೆಗೆದು ಕಚೇರಿಗೆ ಕಳಿಸಿದೆ. ಐದಕ್ಕೆ ಹತ್ತು ನಿಮಿಷವಿತ್ತು.

“ಎಷ್ಟು ದಿನದಿಂದ ಆ ಕೆಲಸದಲ್ಲಿದೀರಿ?” ಎಂದು ಕೇಳಿದರು.

“ಎರಡು ವರ್ಷ.”

ಅವರು ಬೈಯಲಿಲ್ಲ. “ಹಾಗಾದ್ರೆ ನನ್ನ ಹಾಗೇ ಎದ್ದು ಹೋದವರು?” ಎಂದರಷ್ಟೆ.

ಮರುದಿನ ಶನಿವಾರ, ರಜೆ. ಮನೆಯಲ್ಲಿ ನಿಲ್ಲಲಾಗದೆ ಕಚೇರಿಗೆ ಹೋಗಿ, ಬೇಸತ್ತು ಎದ್ದು ಹೋದರೆಂದುಕೊಂಡು ನಾನೇ ಬದಿಗಿಟ್ಟಿದ್ದ ಸಹಿಯಿಲ್ಲದ ಅರ್ಜಿಗಳನ್ನು ಹುಡುಕಿದೆ. ಮಧ್ಯಾಹ್ನದೊಳಗೆ ಹನ್ನೊಂದು ಸಿಕ್ಕವು. ಎಲ್ಲದರ ಗಡುವೂ ಮುಗಿದಿತ್ತು.